ಕಬ್ಬು ಕಡಿಯಲು ಹೊರಟವರ ಕೂಸುಗಳು

ನಮಸ್ಕಾರ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ ಕಡೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದೀಪಾವಳಿ ಮುಗಿದರೆ ನಮ್ಮ ಎಷ್ಟೋ ಊರುಗಳು ಅರ್ಧ ಖಾಲಿ. ಕೂಲಿಯಾಳುಗಳನ್ನು ಕರೆದೊಯ್ಯುವ ಗುತ್ತಿಗೆದಾರ ಮುಕಾದಮನಿಂದ ಮುಂಗಡ ತಗೊಂಡ ಗಂಡ ಹೆಂಡತಿ ಕಬ್ಬು ಕಡಿಯಲು ಹೊರಡಲೇಬೇಕು, ಜೊತೆಗೆ ಮೊಲೆಹಾಲು ಬಿಡದ ಕೂಸೂ ಹೊರಡುತ್ತದೆ. ಇವತ್ತಿನ ಮಾತು ಆ ಕೂಸಿನದು.

ಮಗು ಬಡಕಲಾಯಿತು ಅಂದ ಕೂಡಲೇ ಎಲ್ಲರೂ ತಾಯಿಯನ್ನು ಬೈಯುತ್ತಾರೆ. ಇದು ದೊಡ್ಡ ಅನ್ಯಾಯ. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಗದ್ದೆಗೆ ಹೋಗಿ, ಗಂಡ ಕಡಿದ ಕಬ್ಬನ್ನು ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವ ಹೆಂಗಸಿಗೆ ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ಉಣಿಸಲು ಹೊತ್ತೆಲ್ಲಿದೆ, ಹೇಳಿ? ಕೂಸು ಬದುವಿನ ಮೇಲೆ, ಏಳೆಂಟು ವರ್ಷದ ಅಕ್ಕನ ಕೈಯಲ್ಲಿ. ಅತ್ತರೆ ಚಹಾ, ಬಿಸ್ಕಿಟು. ಸುಮ್ನಾಗುತ್ತದೆ, ನಿಜ. ಆದರೆ ಮೈಗೆ ಹತ್ತುವಂಥದ್ದು ಅದರಲ್ಲೇನೂ ಇಲ್ಲ, ಚಹಾ ಅಂತೂ ಊಟದಲ್ಲಿರುವ ಕಬ್ಬಿಣದ ಅಂಶ ರಕ್ತ ಸೇರುವುದಕ್ಕೂ ಅಡ್ಡ ಬರುತ್ತದೆ.

ಚಿಕ್ಕ ಹೊಟ್ಟೆ, ಒಂದೇ ಸಲ ಜಾಸ್ತಿ ಹಿಡಿಯುವುದಿಲ್ಲ. ಆರು ತಿಂಗಳು ತುಂಬುವ ತನಕ ಎದೆಹಾಲು ಒಂದೇ ಸಾಕು, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆ ದಿನಕ್ಕೆ 2-3 ಸಲ ಊಟ, ಒಂಬತ್ತು ತಿಂಗಳಿಂದ 3-4 ಸಲ. ತಿಳಿ ಗಂಜಿ ಬೇಡ, ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಇರಲಿ. ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕಿವುಚಿ, ನುಣ್ಣಗೆ ಕುಟ್ಟಿದ ಶೇಂಗಾ ಪುಡಿ, ಒಂದು ಚಮಚ ಎಣ್ಣೆ ಹಾಕಿ. ತತ್ತಿ ಸಿಕ್ಕರೆ ಇನ್ನೂ ಒಳ್ಳೆಯದು. ಇದೆಲ್ಲ ನಮ್ಮ ಗುಡಿಸಲಲ್ಲೇ ಆಗುವ ಅಡುಗೆ, ಇಲ್ಲದ್ದು ಉಣಿಸುವ ಕೈ.

ಇನ್ನು ನೀರು. ಟ್ಯಾಂಕರಿನದೋ ಕಾಲುವೆಯದೋ, ಸಿಕ್ಕಿದ್ದನ್ನೇ ಕುಡಿಯಬೇಕು, ಪಾಯಖಾನೆ ಇಲ್ಲ. ಭೇದಿ ಹತ್ತುತ್ತದೆ, ಕೂಸು ಉಣ್ಣುವುದಿಲ್ಲ, ತೂಕ ಇಳಿಯುತ್ತದೆ, ಇಳಿದ ಮೈಗೆ ಮತ್ತೆ ಭೇದಿ. ಭೇದಿಯಾದಾಗ ಓಆರ್‌ಎಸ್ ಕುಡಿಸಿ, ವೈದ್ಯರು ಕೊಟ್ಟ ಜಿಂಕ್ ಮಾತ್ರೆಯನ್ನು 14 ದಿನ ಪೂರ್ತಿ ಕೊಡಿ. ಊಟ ನಿಲ್ಲಿಸಬೇಡಿ.

ಇದರ ಬೇರು ಕೂಸು ಹುಟ್ಟುವುದಕ್ಕೂ ಮೊದಲೇ ಇದೆ. ವಯಸ್ಸಿಗೆ ಬಂದ ಹುಡುಗಿಯನ್ನು ಊರಲ್ಲಿ ಒಬ್ಬಳೇ ಬಿಟ್ಟು ಹೋಗಲು ಹೆದರಿ ಬೇಗ ಮದುವೆ ಮಾಡುತ್ತಾರೆ, ಹೆದರಿಕೆ ಸುಳ್ಳಲ್ಲ. ಆದರೆ ರಕ್ತ ಕಡಿಮೆಯಿರುವ ಎಳೆಯ ತಾಯಿಗೆ ಎರಡೂವರೆ ಕಿಲೋಗಿಂತ ಹಗುರ ಕೂಸು ಹುಟ್ಟುವುದು ಜಾಸ್ತಿ, ವರ್ಷದೊಳಗೆ ಮತ್ತೆ ಬಸುರಾದರೆ ಇಬ್ಬರಿಗೂ ಕಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಹಾರಾಷ್ಟ್ರದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಆರು ತಿಂಗಳು ದಾಟಿದ ಮಗುವಿನ ಮೇಲ್ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಊದಿದ್ದರೆ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ತೋಳು ಅಳೆಯುವ ಪಟ್ಟಿ ಅಂಗನವಾಡಿಯಲ್ಲಿ ಇರುತ್ತದೆ. ಹೊರಡುವ ಮುಂಚೆ ಅಂಗನವಾಡಿ ನಡೆಸುವ ಬಾಯಿಗೆ ಯಾವ ಊರಿಗೆ ಹೋಗುತ್ತೀರಿ ಅಂತ ಹೇಳಿ. ಅಂಗನವಾಡಿಯವರ ಮೊಬೈಲ್ ಆ್ಯಪ್ ಪೋಷಣ ಟ್ರ್ಯಾಕರ್‌ನಲ್ಲಿ ಮಗುವಿನ ಹೆಸರನ್ನು ಅಲ್ಲಿನ ಅಂಗನವಾಡಿಗೆ ವರ್ಗ ಮಾಡಬಹುದು. ಲಸಿಕೆ ಕಾರ್ಡು ಕೈಯಲ್ಲೇ ಇರಲಿ.

ಮುಕಾದಮರಿಗೂ ಸಕ್ಕರೆ ಕಾರ್ಖಾನೆಯವರಿಗೂ ಒಂದು ಮಾತು. ಪ್ರತಿ ಟೋಳಿಯಲ್ಲಿ, ಅಂದರೆ ಕಡಿಯುವವರ ಗುಂಪಿನಲ್ಲಿ, ಒಬ್ಬ ಹೆಂಗಸನ್ನು ಕಡಿಯುವ ಕೆಲಸದಿಂದ ಬಿಟ್ಟು, ಅವಳಿಗೂ ಕೂಲಿ ಹಿಡಿದು, ಮಕ್ಕಳಿಗೆ ಉಣಿಸಲು ಕೂರಿಸಿ. ನೀವೂ ಅಷ್ಟೇ ಅಕ್ಕಾ, ಮುಂಗಡದ ಮಾತುಕತೆ ನಡೆಯುವಾಗಲೇ ಇದನ್ನು ಕೇಳಿ, ಗಾಡಿ ಹತ್ತಿದ ಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮಸ್ಕಾರ.