ಏರುವುದೂ ಇಳಿಯುವುದೂ ಹಾರ್ಮೋನಿನ ಕೆಲಸವೇ

ಕೇಳುಗರಿಗೆಲ್ಲ ನಮಸ್ಕಾರ.

"ನಂಗೆ ಹಾರ್ಮೋನ್ ಇಂಬ್ಯಾಲೆನ್ಸ್ ಅಂತೆ." ಈ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಕೂದಲು ಉದುರಿದರೂ ಅದೇ, ತೂಕ ಏರಿದರೂ ಅದೇ, ಸುಮ್ಮಸುಮ್ಮನೆ ಸಿಟ್ಟು ಬಂದರೂ ಅದೇ. ಯಾವ ಹಾರ್ಮೋನು ಅಂತ ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ನಮ್ಮ ಮೈಯಲ್ಲಿ ಹತ್ತಾರು ಹಾರ್ಮೋನುಗಳಿವೆ. ಅವೆಲ್ಲ ಮಾತಾಡಿಕೊಂಡು ಒಂದೇ ದಿನ ಕೆಡುವುದಿಲ್ಲ ಅಲ್ವಾ?

1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ನಾಯಿಯೊಂದರ ಸಣ್ಣ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ಅಲ್ಲಿಗೆ ಆಮ್ಲ ಹಾಕಿದರು. ನರದ ಸಂಪರ್ಕವೇ ಇಲ್ಲ. ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಅಂದರೆ ಸುದ್ದಿ ರಕ್ತದ ಮೂಲಕ ಹೋಗಿತ್ತು. ಹೀಗೆ ಒಂದು ಕಡೆ ಹುಟ್ಟಿ, ರಕ್ತದಲ್ಲಿ ಹರಿದು, ಇನ್ನೊಂದು ಕಡೆ ಕೆಲಸ ಮಾಡಿಸುವ ವಸ್ತುಗಳಿಗೆ 1905ರಲ್ಲಿ ಸ್ಟಾರ್ಲಿಂಗ್ ಹಾರ್ಮೋನ್ ಎಂಬ ಹೆಸರು ಬಳಸಿದರು.

ಆರೋಗ್ಯವಂತರಲ್ಲಿ ಹಾರ್ಮೋನುಗಳು ಯಾವಾಗಲೂ ಒಂದೇ ಮಟ್ಟದಲ್ಲಿ ನಿಂತಿರುತ್ತವೆ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಏರಬೇಕಾದ ಹೊತ್ತಿಗೆ ಏರಿ, ಇಳಿಯಬೇಕಾದ ಹೊತ್ತಿಗೆ ಇಳಿದರೆ ಅದೇ ಆರೋಗ್ಯ. ಹೊತ್ತು ತಪ್ಪಿದರೆ ಮೈಗೂ ತೊಂದರೆ, ಮನಸ್ಸಿಗೂ ತೊಂದರೆ.

ಕಾರ್ಟಿಸಾಲ್ ನೋಡಿ. ಕಿಡ್ನಿಗಳ ತಲೆಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಇದನ್ನು ಮಾಡುತ್ತವೆ. ಒತ್ತಡದ ಹಾರ್ಮೋನು ಅಂತ ಜನ ಇದನ್ನು ಬೈಯುತ್ತಾರೆ. ಪಾಪ, ಅದಿಲ್ಲದಿದ್ದರೆ ಜೀವವೇ ಉಳಿಯುವುದಿಲ್ಲ. ಬೆಳಗಿನ ಜಾವ ಅದು ಏರತೊಡಗುತ್ತದೆ. ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನಷ್ಟು ಜಿಗಿಯುತ್ತದೆ. ಆಮೇಲೆ ದಿನವಿಡೀ ಇಳಿಯುತ್ತಾ ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಬೆಳಿಗ್ಗೆ 8 ಗಂಟೆಗೆ ಸರಿ ಅನ್ನಿಸುವ ಸಂಖ್ಯೆಯೇ ರಾತ್ರಿ 12ಕ್ಕೆ ಕಂಡರೆ ಡಾಕ್ಟರ್ ಹುಬ್ಬೇರಿಸುತ್ತಾರೆ.

ಈ ಏರಿಳಿತವನ್ನು ಕೆಡಿಸಲು ದೊಡ್ಡ ರೋಗವೇ ಬೇಕಿಲ್ಲ. ನಿದ್ದೆಗೆಟ್ಟರೆ ಸಾಕು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಯುವಕರನ್ನು 6 ರಾತ್ರಿ ದಿನಕ್ಕೆ 4 ಗಂಟೆ ಮಾತ್ರ ಮಲಗಲು ಬಿಟ್ಟಿದ್ದರು. ಸಂಜೆ ಇಳಿಯಬೇಕಾದ ಕಾರ್ಟಿಸಾಲ್ ಜಾಸ್ತಿಯೇ ಉಳಿಯಿತು. ರಕ್ತದ ಸಕ್ಕರೆಯನ್ನು ನಿಭಾಯಿಸುವ ಶಕ್ತಿಯೂ ಕುಗ್ಗಿತು. ಬರೀ ಒಂದು ವಾರದ ಕತೆ ಇದು. ರಾತ್ರಿ ಪಾಳಿಯವರಿಗೆ ಹೊಟ್ಟೆ, ತೂಕ, ಮನಸ್ಸು ಮೂರೂ ಒಟ್ಟಿಗೆ ಕೈಕೊಡುವುದು ಯಾಕೆ ಅಂತ ಈಗ ಊಹಿಸಬಹುದು.

ಇನ್ನು ಥೈರಾಯ್ಡ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಗೊಂದಲ ಇಲ್ಲೇ ಜಾಸ್ತಿ. ಇಸ್ತ್ರಿಪೆಟ್ಟಿಗೆ ಬಿಸಿಯಾದಾಗ ತಾನಾಗಿ ಆಫ್ ಆಗಿ, ತಣ್ಣಗಾದಾಗ ಮತ್ತೆ ಆನ್ ಆಗುತ್ತದಲ್ಲ, ಥೈರಾಯ್ಡ್ ಕೂಡ ಹಾಗೆಯೇ ನಡೆಯುತ್ತದೆ. ಥೈರಾಯ್ಡ್ ಗ್ರಂಥಿ ಮಾಡುವ ಥೈರಾಕ್ಸಿನ್ ಎಂಬ ಹಾರ್ಮೋನು ರಕ್ತದಲ್ಲಿ ಕಡಿಮೆಯಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನು ಕಳಿಸಿ "ಇನ್ನೂ ಮಾಡು" ಅನ್ನುತ್ತದೆ. ಥೈರಾಕ್ಸಿನ್ ಸಾಕಷ್ಟಾದರೆ ಸುಮ್ಮನಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ ರಿಪೋರ್ಟಿನಲ್ಲಿ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಕೆಲಸ ಕಡಿಮೆ ಅಂತ ಅರ್ಥ. ಇದನ್ನು ಉಲ್ಟಾ ತಿಳಿದುಕೊಂಡು ಗಾಬರಿಯಾಗುವವರು ಎಷ್ಟೋ ಮಂದಿ.

ಥೈರಾಯ್ಡ್ ಮಂದವಾದರೆ ಮೈ ಭಾರ, ಚಳಿ, ಮಲಬದ್ಧತೆ, ಒಣ ಚರ್ಮ. ಜೊತೆಗೆ ಮಂಕು. ಯಾವುದರಲ್ಲೂ ಆಸಕ್ತಿಯಿಲ್ಲ, ಮರೆವು, ಯೋಚನೆಯೂ ನಿಧಾನ. ಮನೆಯವರು "ಸೋಮಾರಿ" ಅಂತಾರೆ, ಸ್ವತಃ ರೋಗಿಯೂ ಅದನ್ನೇ ನಂಬುತ್ತಾರೆ. ಥೈರಾಯ್ಡ್ ಅತಿಯಾದರೆ ಎದೆ ಡವಡವ, ಕೈ ನಡುಕ, ತಿಂದರೂ ಇಳಿಯುವ ತೂಕ, ತಡೆಯಲಾಗದ ಕಳವಳ. ನೋಡಿದವರಿಗೆ ಬರೀ ಆತಂಕದ ಕಾಯಿಲೆಯಂತೆ ಕಾಣುತ್ತದೆ. ಆದ್ದರಿಂದಲೇ ಖಿನ್ನತೆ ಅಂತ ಹೋದವರಿಗೂ ಒಳ್ಳೆಯ ಡಾಕ್ಟರ್ ಒಂದು ಸರಳ ರಕ್ತಪರೀಕ್ಷೆ ಬರೆಯುತ್ತಾರೆ. ಅದನ್ನು ಬೇಡ ಅನ್ನಬೇಡಿ. ಹಾಗಂತ ಎಲ್ಲ ಖಿನ್ನತೆಯೂ ಥೈರಾಯ್ಡಿನದ್ದಲ್ಲ. ರಿಪೋರ್ಟ್ ಸರಿ ಬಂದ ಮಾತ್ರಕ್ಕೆ ನೋವು ಸುಳ್ಳಾಗುವುದೂ ಇಲ್ಲ.

ಈ ಕೊನೆಯ ಮಾತಿಗೆ ಪುರಾವೆ ಇದೆ. ಮುಟ್ಟಿಗೆ ಮೊದಲು ಕೆಲವು ಹೆಂಗಸರಿಗೆ ತೀವ್ರ ಬೇಸರ, ಸಿಟ್ಟು, ಅಳು ಬರುತ್ತದೆ. ಅವರಲ್ಲಿ ಹಾರ್ಮೋನು ಜಾಸ್ತಿಯೋ ಕಡಿಮೆಯೋ ಇರಬೇಕು ಅಂತ ಮೊದಲು ಅಂದುಕೊಂಡಿದ್ದರು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಔಷಧಿ ಕೊಟ್ಟು ಹೆಂಗಸರ ಅಂಡಾಶಯದ ಹಾರ್ಮೋನುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಈ ತೊಂದರೆ ಇದ್ದವರಲ್ಲಿ ಹಲವರಿಗೆ ಆರಾಮಾಯಿತು. ಆಮೇಲೆ ಸಹಜ ಪ್ರಮಾಣದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಕೊಟ್ಟು ನೋಡಿದರು. ಆರಾಮಾಗಿದ್ದವರಿಗೆ ಬೇಸರ ಮರಳಿ ಬಂತು. ಮೊದಲಿನಿಂದಲೂ ತೊಂದರೆ ಇಲ್ಲದಿದ್ದ ಹೆಂಗಸರಿಗೆ ಅದೇ ಹಾರ್ಮೋನು ಕೊಟ್ಟರೆ ಏನೂ ಆಗಲಿಲ್ಲ. ವ್ಯತ್ಯಾಸ ಇದ್ದದ್ದು ರಕ್ತದ ಸಂಖ್ಯೆಯಲ್ಲಲ್ಲ, ಆ ಏರಿಳಿತಕ್ಕೆ ಅವರ ಮಿದುಳು ಸ್ಪಂದಿಸುವ ರೀತಿಯಲ್ಲಿ. "ಎಲ್ಲರಿಗೂ ಆಗುತ್ತೆ, ನಿನ್ನದೇನು ದೊಡ್ಡದು" ಅಂತ ಹೇಳುವವರಿಗೆ ಇದನ್ನು ಕೇಳಿಸಬೇಕು.

ಹೆರಿಗೆಯಾದ ಮೇಲಂತೂ ಈ ಎರಡೂ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ದೊಪ್ಪನೆ ಕುಸಿಯುತ್ತವೆ. ಮೊದಲ ವಾರ ಬಾಣಂತಿಗೆ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಮಂಕು ಹೋಗದಿದ್ದರೆ ಕಾಯುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದೇ ದಿನ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಥೈರಾಯ್ಡ್ ಏರುಪೇರಾಗುವುದೂ ಉಂಟು. ಅದನ್ನೂ ಕೇಳಿ ನೋಡಿಸಿ.

ಗಂಡಸರು ಇದು ತಮಗಲ್ಲ ಅಂತ ರೇಡಿಯೊ ಆಫ್ ಮಾಡಬೇಡಿ. ಟೆಸ್ಟೋಸ್ಟಿರಾನ್ ವಯಸ್ಸಿನ ಜೊತೆ ನಿಧಾನಕ್ಕೆ ಇಳಿಯುತ್ತದೆ. ತೀರಾ ಕಡಿಮೆಯಾದರೆ ಸುಸ್ತು, ನಿರಾಸಕ್ತಿ ಬರಬಹುದು. ಅದು ಬೆಳಿಗ್ಗೆ ಹೆಚ್ಚಿರುವುದರಿಂದ ರಕ್ತವನ್ನು ಬೆಳಿಗ್ಗೆಯೇ ಕೊಡಬೇಕು. ಒಂದು ಸಲ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡುತ್ತಾರೆ.

ಅಂದಮೇಲೆ ಯಾವುದೋ ಒಂದು ದಿನ, ಯಾವುದೋ ಹೊತ್ತಿಗೆ ರಕ್ತ ಕೊಟ್ಟು "ಎಲ್ಲ ಹಾರ್ಮೋನುಗಳ ಪ್ಯಾಕೇಜ್" ಮಾಡಿಸುವುದಕ್ಕೆ ನನ್ನ ಪ್ರಕಾರ ಹೆಚ್ಚು ಬೆಲೆಯಿಲ್ಲ. ಲಕ್ಷಣ ನೋಡಿ, ಹೊತ್ತು ನೋಡಿ ಒಂದೆರಡು ಪರೀಕ್ಷೆ ಮಾಡಿಸಿದರೆ ಅದೇ ಲೇಸು. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಮೊದಲೇ ಹೇಳಿಬಿಡಿ. ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪು ಮಾಡಬಲ್ಲದು.

ಥೈರಾಕ್ಸಿನ್ ಮಾತ್ರೆ ಶುರು ಮಾಡಿದವರು ನಾಲ್ಕು ದಿನಕ್ಕೇ "ಏನೂ ಪ್ರಯೋಜನ ಆಗಿಲ್ಲ" ಅನ್ನುತ್ತಾರೆ. ಆ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಅದರ ಮಟ್ಟ ಒಂದು ಕಡೆ ನಿಲ್ಲಲು ವಾರಗಳೇ ಹಿಡಿಯುತ್ತವೆ. ಅದಕ್ಕೇ ಮರುಪರೀಕ್ಷೆ 6ರಿಂದ 8 ವಾರಕ್ಕೆ. ಮಾತ್ರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಡುವೆ 4 ಗಂಟೆ ಅಂತರ ಇರಲಿ.

ಇನ್ನು ಆಸ್ತಮಾಕ್ಕೋ ಕೀಲುನೋವಿಗೋ ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಈ ಮಾತ್ರೆ ಕಾರ್ಟಿಸಾಲಿನ ಕೆಲಸವನ್ನೇ ಮಾಡುತ್ತದೆ. ಹೊರಗಿನಿಂದ ಬರುತ್ತಿದೆಯಲ್ಲ ಅಂತ ನಿಮ್ಮ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಮಾಡುವುದನ್ನೇ ನಿಲ್ಲಿಸಿರಬಹುದು. ಮಾತ್ರೆಯನ್ನು ತಟ್ಟನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಮಾತ್ರೆಯನ್ನು ಹೇಗೆ, ಎಷ್ಟೆಷ್ಟು ಇಳಿಸಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ, ಆಮೇಲೆ ಬಿಡಿ. ನಮಸ್ಕಾರ.