ಸೂರ್ಯನ ಸಾಫ್ಟ್‌ವೇರಿಗೆ ನಮ್ಮ ಮೊದಲ ಪುಲ್ ರಿಕ್ವೆಸ್ಟ್

ಈಗ ನೋಡ್ತಿದೀರಲ್ಲ, ಇದು ನಮ್ ಹಾಸ್ಟೆಲ್ ರೂಮು, ರಾತ್ರಿ ಹನ್ನೊಂದೂವರೆ, ಲ್ಯಾಪ್‌ಟಾಪ್ ಮೇಲಿರೋ ಆ ಕೆಂಪು ಗುರುತು ನಮ್ದೇ, ಟೆಸ್ಟ್ ಫೇಲ್ ಅಂತ ಅರ್ಥ. ಪುಲ್ ರಿಕ್ವೆಸ್ಟ್ ಅಂದ್ರೆ ನಾವು ಮಾಡಿದ ಬದಲಾವಣೇನ ನಿಮ್ಮ ಸಾಫ್ಟ್‌ವೇರಿಗೆ ಸೇರಿಸ್ಕೊಳ್ಳಿ ಅಂತ ಕಳ್ಸೋ ಕೋರಿಕೆ. ಅದರ ಕಥೆ ಹೇಳ್ತೀನಿ.

2023ರ ಸೆಪ್ಟೆಂಬರ್ 2ಕ್ಕೆ ಸೂರ್ಯನ್ನ ನೋಡೋಕೆ ಇಸ್ರೋ ಕಳ್ಸಿದ ಆದಿತ್ಯ-ಎಲ್1 ನೌಕೆ ಹಾರಿದಾಗ ಕ್ಲಾಸಲ್ಲಿ ಎಲ್ಲಾರೂ ಒಟ್ಟಿಗೆ ಲೈವ್ ನೋಡಿದ್ವಿ, ಅದರಲ್ಲಿರೋ ವೆಲ್ಕ್ ಅನ್ನೋ, ಸೂರ್ಯನ ಸುತ್ತಲಿನ ಪ್ರಭಾವಲಯ ನೋಡೋ ಉಪಕರಣ ತಯಾರಾಗಿದ್ದು ಇಲ್ಲೇ ಹೊಸಕೋಟೆ ಹತ್ರ ಅಂತ ಗೊತ್ತಾದ್ಮೇಲಂತೂ ನಂಗೂ ನನ್ ರೂಮ್‌ಮೇಟ್‌ಗೂ ಸೂರ್ಯನ ಹುಚ್ಚು ಹತ್ಕೊಂಡ್ಬಿಡ್ತು. ಹಂಗೇ ಹುಡುಕ್ತಾ ಸನ್‌ಪೈ ಸಿಕ್ತು. ಸೂರ್ಯನ ಡೇಟಾ ಓದೋಕೆ ಇರೋ ಪೈಥಾನ್ ಲೈಬ್ರರಿ, ಓಪನ್ ಸೋರ್ಸು, ಅಂದ್ರೆ ಕೋಡ್ ಎಲ್ಲಾರಿಗೂ ತೆರೆದಿರತ್ತೆ, ಯಾರ್ ಬೇಕಾದ್ರೂ ಕೈ ಹಾಕ್ಬಹುದು.

ಕೋಡ್ ತೆಗೆದ್ರೆ ತಲೆಬುಡ ಗೊತ್ತಾಗ್ಲಿಲ್ಲ, ನಿಜ. ಅದಕ್ಕೆ ಇಷ್ಯೂ ಲಿಸ್ಟಲ್ಲಿ, ಅಂದ್ರೆ ಆಗ್ಬೇಕಿರೋ ಕೆಲಸಗಳ ಪಟ್ಟೀಲಿ, ಹೊಸಬರಿಗೆ ಅಂತ ಲೇಬಲ್ ಹಾಕಿರೋದನ್ನೇ ನೋಡಿದ್ವಿ, ಒಂದು ಫಂಕ್ಷನ್ನಿಗೆ ಉದಾಹರಣೆ ಬರೆದುಕೊಡಿ ಅಂತಿತ್ತು. ನಾಲ್ಕೇ ಲೈನು! ಫೋರ್ಕ್, ಕ್ಲೋನ್, ಬ್ರಾಂಚ್ ಅಂತ ಕೋಡಿನ ನಮ್ದೇ ಪ್ರತಿ ಮಾಡ್ಕೊಳ್ಳೋ ಕೆಲಸ ಎಲ್ಲಾ ಒಂದು ಸಂಜೇಲಿ ಆಯ್ತು, ಅದೇನ್ ದೊಡ್ಡದಲ್ಲ.

ಕೆಂಪಾಗಿದ್ದು ಆಮೇಲೆ. ಡಾಕ್ಯುಮೆಂಟೇಶನ್ನಲ್ಲಿ ಬರೆದ ಉದಾಹರಣೆನೂ ಟೆಸ್ಟ್ ಆಗಿ ರನ್ ಆಗತ್ತೆ ಕಣ್ರೀ, ಬರೆದ ಉತ್ತರಕ್ಕೂ ಬಂದ ಉತ್ತರಕ್ಕೂ ತಾಳೆ ಆಗ್ಲೇಬೇಕು. ನಮ್ ಉದಾಹರಣೆ ಸೂರ್ಯನ ತ್ರಿಜ್ಯದ್ದು. ಭೂಮಿಯಿಂದ ನೋಡಿದ್ರೆ ಅದು ಸುಮಾರು 960 ಆರ್ಕ್‌ಸೆಕೆಂಡು (ಒಂದು ಡಿಗ್ರೀಲಿ 3600 ಆರ್ಕ್‌ಸೆಕೆಂಡು), ಜನವರೀಲಿ ನಾವು ಸೂರ್ಯಂಗೆ ಹತ್ರ ಇರೋದ್ರಿಂದ ಇನ್ನೂ ಸ್ವಲ್ಪ ಜಾಸ್ತಿ. ನಾವು ಉತ್ತರದಲ್ಲಿ ಬರೀ ನಂಬರ್ ಬರೆದಿದ್ವಿ, ಯೂನಿಟ್ಟೇ ಹಾಕಿರ್ಲಿಲ್ಲ. ಇಷ್ಟಕ್ಕೆಲ್ಲಾ ಫೇಲಾ ಅಂತ ಅನ್ಸಿತ್ತು ಆದ್ರೆ 1999ರಲ್ಲಿ ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋಗಿದ್ದು ಇದೇ ಯೂನಿಟ್ ಗೊಂದಲದಿಂದ, ಒಂದ್ ಕಡೆ ಪೌಂಡ್ ಲೆಕ್ಕ ಇನ್ನೊಂದ್ ಕಡೆ ನ್ಯೂಟನ್ ಲೆಕ್ಕ, ಇಡೀ ನೌಕೆನೇ ಹೋಯ್ತು. ಅದು ನೆನಪಾದ್ಮೇಲೆ ಆ ಕೆಂಪು ಗುರುತಿನ ಮೇಲೆ ಗೌರವ ಬಂತು.

ಸರಿಮಾಡಿ ಪುಷ್ ಮಾಡಿದ್ವಿ, ಅಂದ್ರೆ ಮತ್ತೆ ಕಳ್ಸಿದ್ವಿ, ಟೆಸ್ಟ್ ಪಾಸಾಗಿ ಹಸಿರಾಯ್ತು. ಬೆಳಗ್ಗೆ ಎದ್ರೆ ಸನ್‌ಪೈ ನೋಡ್ಕೊಳ್ಳೋ ಒಬ್ರು ಮೇಂಟೇನರ್ ಕಾಮೆಂಟ್ ಹಾಕಿದ್ರು, ಚೆನ್ನಾಗಿದೆ, ಏನು ಬದಲಾಯ್ತು ಅಂತ ಹೇಳೋ ಒಂದು ಚೇಂಜ್‌ಲಾಗ್ ಫೈಲ್ ಸೇರಿಸ್ಬಿಡಿ, ಪುಲ್ ರಿಕ್ವೆಸ್ಟ್ ನಂಬರನ್ನೇ ಫೈಲ್ ಹೆಸರಲ್ಲಿ ಇಡಿ ಅಂತ. ಎಷ್ಟ್ ಸಮಾಧಾನವಾಗಿ ಬರೆದಿದ್ರು ಗೊತ್ತಾ, ಮೊದಲನೇ ಸಲ ಬಂದೋರು ಅಂತ ಗೊತ್ತಿದ್ದೇ ಹಾಗ್ ಬರೆದಿದ್ರೇನೋ, ನಂಗಂತೂ ಅದು ಮನಸ್ಸಲ್ಲಿ ಉಳ್ಕೊಂಡಿದೆ.

ಮಾರನೇ ದಿನ ಮೆಸ್ಸಲ್ಲಿ ಚಿತ್ರಾನ್ನ ತಿಂತಿರ್ಬೇಕಾದ್ರೆ ಮೇಲ್ ಬಂತು. ರೂಮಿಗೆ ಓಡಿ ಬಂದು ಕ್ಯಾಮೆರಾ ಆನ್ ಮಾಡಿದೀವಿ, ಇದೇ ನೋಡಿ, ನೇರಳೆ ಬಣ್ಣ, ಮರ್ಜ್ಡ್, ಅಂದ್ರೆ ನಮ್ ಕೋಡು ಸನ್‌ಪೈಗೆ ಸೇರ್ಕೊಂಡ್ತು. ಹಿಂದೆ ಕಿರುಚ್ತಿರೋದು ನನ್ ರೂಮ್‌ಮೇಟು.