ಕೆಳಗಿಳಿಯುವ ಮೆಟ್ಟಿಲು ಎಲ್ಲಿ?

ಕೇಳುಗರೇ, ನಮಸ್ಕಾರ.

ಅಮೆರಿಕದ ಉತ್ತರ ಭಾಗದಿಂದ ಟೆಕ್ಸಾಸ್‌ಗೋ ಫ್ಲಾರಿಡಾಕ್ಕೋ ಹೋಗಿ ನೆಲೆಸುವವರಿಗೆ ಮನೆ ನೋಡುವಾಗಲೇ ಒಂದು ಅನುಮಾನ. ಕೆಳಗಿಳಿಯುವ ಮೆಟ್ಟಿಲೇ ಕಾಣುವುದಿಲ್ಲ! ಬೇಸ್‌ಮೆಂಟ್, ಅಂದರೆ ನೆಲಮಾಳಿಗೆ, ಎಲ್ಲಿ? ಕಟ್ಟಿದವರು ದುಡ್ಡು ಉಳಿಸಿಕೊಂಡರೇ? ನನಗೇನೋ ಈ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು ಅನಿಸುತ್ತದೆ. ಉತ್ತರದವರು ಅಷ್ಟು ಆಳ ಯಾಕೆ ಅಗೆದರು?

ಅಗೆಸಿದ್ದು ಚಳಿ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಕೆಳಗಿನ ತೇವವನ್ನೂ ಹೀರಿಕೊಂಡು ಮಂಜುಗಡ್ಡೆಯ ಪದರ ದಪ್ಪವಾಗುತ್ತಾ ಹೋಗುತ್ತದೆ. ಪಾಯ ಅದರ ಮೇಲೆ ಕೂತಿದ್ದರೆ ಮನೆಯನ್ನೇ ಎತ್ತಿಬಿಡುತ್ತದೆ. ಚಳಿಗಾಲ ಮುಗಿದು ಕರಗಿದಾಗ ಮನೆ ಕುಸಿಯುತ್ತದೆ, ಗೋಡೆ ಬಿರಿಯುತ್ತದೆ. ಹಾಗಾಗಿ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಪಾಯ ಇಳಿಸಲೇಬೇಕು. ಮಿನ್ನೆಸೋಟದ ಉತ್ತರ ಭಾಗದಲ್ಲಿ ನಿಯಮದ ಪ್ರಕಾರ 5 ಅಡಿ ಬೇಕು. ಐದಡಿ ಹೇಗೂ ಅಗೆದಾಯಿತು. ಇನ್ನು ಮೂರಡಿ ಅಗೆದರೆ ಮನೆಯಷ್ಟೇ ಅಗಲದ ಇನ್ನೊಂದು ಅಂತಸ್ತು ಸಿಗುತ್ತದೆ. ಯಾರಾದರೂ ಬಿಡುತ್ತಾರಾ? ಹಿಂದೆ ಮನೆ ಬೆಚ್ಚಗಿಡುತ್ತಿದ್ದ ಕಲ್ಲಿದ್ದಲ ಒಲೆಗೂ ಅದೇ ಸರಿಯಾದ ಜಾಗವಾಗಿತ್ತು. ಬಿಸಿಗಾಳಿ ತಾನಾಗಿಯೇ ಮೇಲೇರುತ್ತದೆ, ಅಲ್ವಾ.

ದಕ್ಷಿಣದಲ್ಲಿ ನೆಲ ಅಷ್ಟು ಆಳಕ್ಕೆ ಹೆಪ್ಪುಗಟ್ಟುವುದಿಲ್ಲ. ನೆಲದ ಮೇಲೇ ಕಾಂಕ್ರೀಟ್ ಹಾಸಿ ಮನೆ ಎಬ್ಬಿಸಿದರೆ ಸಾಕು. ಇದು ಬರೀ ಬೆಚ್ಚಗಿನ ಊರಿನ ಅಭ್ಯಾಸ ಅಂತಲೂ ಅಲ್ಲ. 1947ರಲ್ಲಿ ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್‌ನಲ್ಲಿ ಸಾವಿರಾರು ಮನೆಗಳು ಹೀಗೇ ಎದ್ದವು. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಅಗ್ಗದ ಮನೆ ಬೇಗ ಬೇಕಿತ್ತು. ನೆಲಮಾಳಿಗೆ ಇರಲೇಬೇಕು ಎನ್ನುತ್ತಿದ್ದ ಅಲ್ಲಿನ ನಿಯಮವನ್ನೇ ಬದಲಾಯಿಸಿದರು.

ಇನ್ನು ನೀರಿನ ಕತೆ. ಫ್ಲಾರಿಡಾದ ಎಷ್ಟೋ ಕಡೆ ಕೆಲವೇ ಅಡಿ ಅಗೆದರೆ ನೀರು. ನ್ಯೂ ಆರ್ಲಿಯನ್ಸ್ ನಗರದ ಸುಮಾರು ಅರ್ಧ ಭಾಗ ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಅಲ್ಲಿನ ಎಷ್ಟೋ ಹಳೆಯ ಮನೆಗಳು ಗಿಡ್ಡ ಕಂಬಗಳ ಮೇಲೆ ನಿಂತಿವೆ. ನೀರು ಒಳಗೆ ಸೋರುತ್ತದೆ ಎಂಬುದಷ್ಟೇ ನಮ್ಮ ತಲೆಗೆ ಹೊಳೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಅದು ಕೆಳಗಿನಿಂದ ಮೇಲಕ್ಕೆ ಒತ್ತುವುದು. ನೆಲಮಾಳಿಗೆಯ ಸುತ್ತ ತಳದಿಂದ 2 ಮೀಟರ್ ಎತ್ತರಕ್ಕೆ ನೀರು ನಿಂತರೆ, ತಳದ ಒಂದೊಂದು ಚದರ ಮೀಟರಿನ ಮೇಲೂ 2 ಟನ್ ಒತ್ತಡ. ಖಾಲಿ ಕೊಡವನ್ನು ನೀರಿನಲ್ಲಿ ಅದುಮಿ ಹಿಡಿದು ನೋಡಿ, ಗೊತ್ತಾಗುತ್ತದೆ. ಕೈ ಬಿಟ್ಟರೆ ಚಂಗನೆ ಮೇಲೆ ಬರುತ್ತದೆ. ಅಂಥ ನೆಲದಲ್ಲಿ ಈಜುಕೊಳವನ್ನು ಪೂರ್ತಿ ಖಾಲಿ ಮಾಡಿದಾಗ ಕೊಳವೇ ಎದ್ದು ಬಂದದ್ದುಂಟು.

ಡಾಲಸ್ ಸುತ್ತಮುತ್ತ ಕಪ್ಪು ಎರೆಮಣ್ಣು. ಮಳೆ ಬಂದರೆ ಉಬ್ಬಿ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಆಸ್ಟಿನ್ ಕಡೆ ಹೋದರೆ ಸ್ವಲ್ಪ ಅಗೆಯುವಷ್ಟರಲ್ಲಿ ಸುಣ್ಣದ ಬಂಡೆ.

ಒಕ್ಲಹೋಮದ ವಿಷಯ ಮಾತ್ರ ವಿಚಿತ್ರ. ಅದು ಸುಂಟರಗಾಳಿಯ ನಾಡು. 2013ರ ಮೇ 20ರಂದು ಮೂರ್ ಪಟ್ಟಣಕ್ಕೆ ಬಡಿದ ಗಾಳಿಗೆ 24 ಜನ ಸತ್ತರು. ನೆಲಮಾಳಿಗೆ ಎಲ್ಲಿಗಿಂತಲೂ ಜಾಸ್ತಿ ಬೇಕಾದದ್ದು ಇಲ್ಲೇ ಅಲ್ಲವೇ ಎಂದು ಜನ ಕೇಳಿದರು. ಆದರೆ ಅಲ್ಲೂ ಉಬ್ಬಿ ಕುಗ್ಗುವ ಜೇಡಿಮಣ್ಣು. ಪಾಯಕ್ಕೆ ಒಂದೂವರೆ ಅಡಿ ಆಳ ಸಾಕಾಗುವ ಹವೆ. ಹಾಗಾಗಿ ಎಷ್ಟೋ ಜನ ಗ್ಯಾರೇಜಿನ ನೆಲದಡಿಯಲ್ಲೋ ಹಿತ್ತಲಲ್ಲೋ ಒಂದು ಪೆಟ್ಟಿಗೆ ಹೂಳಿಸುತ್ತಾರೆ. ಗಾಳಿ ಬಂದರೆ ಅದರೊಳಗೆ ಇಳಿದು ಮೇಲೆ ಮುಚ್ಚಳ ಎಳೆದುಕೊಂಡು ಕೂರುವುದು.

2015ರ ಮೇ ತಿಂಗಳಲ್ಲಿ ಅಲ್ಲಿ ಸುಂಟರಗಾಳಿಯ ಜೊತೆಗೇ ಭಾರೀ ಮಳೆ ಸುರಿಯಿತು. ಮಣ್ಣು ನೀರು ಕುಡಿದು ತುಂಬಿತ್ತು. ಹಿತ್ತಲಲ್ಲಿ ಹೂತಿದ್ದ ಕೆಲವು ಪೆಟ್ಟಿಗೆಗಳು ಆ ಖಾಲಿ ಕೊಡದ ಹಾಗೆ ನೆಲ ಸೀಳಿಕೊಂಡು ಮೇಲೆ ಬಂದವು.

ನಮಸ್ಕಾರ.